ಮುಚ್ಚಿದ ಕೋಣೆಯ ನೀರು

ಗಾಳಿಯಲ್ಲಿರುವ ತೇವ ಹಿಡಿದು ಕುಡಿಯುವ ನೀರು ಮಾಡುವ ಮಷೀನ್ ರಿಪೇರಿ ಮಾಡೋದು ನನ್ನ ಕೆಲಸ. ಮಳೆಗಾಲ ಮುಗಿದು ದೆಹಲಿಯ ಹವೆ ಒಣಗಿತೆಂದರೆ ಎಲ್ಲರದೂ ಒಂದೇ ದೂರು: ನೀರು ಕಮ್ಮಿ ಬರ್ತಿದೆ. ಆರ್.ಕೆ.ಪುರಂನ ಒಂದು ಮನೆಯಿಂದಲೂ ಅದೇ ಫೋನು. ಆ ಮನೆಯವರು ಕನ್ನಡದವರು ಅಂತ ಕಂಪನಿಯವರು ನನ್ನನ್ನೇ ಕಳಿಸಿದರು.

ಬಾಗಿಲು ತೆರೆದವರು ವಯಸ್ಸಾದ ಹೆಂಗಸು. ಹೊರಗಿನ ಹೊಗೆ ಬಾರದ ಹಾಗೆ, ಮಷೀನ್ ಇಟ್ಟಿದ್ದ ಮಲಗುವ ಕೋಣೆಯ ಕಿಟಕಿಗಳಿಗೆಲ್ಲ ಟೇಪ್ ಅಂಟಿಸಿದ್ದರು. ಮಷೀನ್ ಬಿಚ್ಚಿ ನೋಡಿದೆ, ಏನೂ ಕೆಟ್ಟಿರಲಿಲ್ಲ.

"ಹೀಗೆ ಮುಚ್ಚಿದ ಕೋಣೆಲಿ ಇದು ನಮ್ಮ ಉಸಿರಿನ ತೇವಾನೇ ನೀರು ಮಾಡುತ್ತೆ ಅಮ್ಮ. ಉಸಿರಾಡೋರು ಕಮ್ಮಿ ಆದ್ರೆ ನೀರೂ ಕಮ್ಮಿ. ಮುಂಚೆ ಇಲ್ಲಿ ಇನ್ಯಾರಾದ್ರೂ ಮಲಗ್ತಿದ್ರಾ?" ಅಂತ ಕೇಳಿಬಿಟ್ಟೆ.

"ನಮ್ಮ ಯಜಮಾನರು. ಉಸಿರಾಟದ ತೊಂದರೆ ಇತ್ತು. ದೀಪಾವಳಿ ಆದಮೇಲೆ ಹೋಗಿಬಿಟ್ರು."

ನಾಲಿಗೆ ಕಚ್ಚಿಕೊಂಡೆ. ಕೆಲಸದ ಮಾತಿಗೇ ಮರಳಿದೆ.

"ಒಂದು ಕಿಟಕಿ ತೆಗೀರಿ ಅಮ್ಮ, ನೀರು ಸರಿಹೋಗುತ್ತೆ."

ಅವರು ಕಿಟಕಿಯ ಹತ್ತಿರ ಹೋದರು. ಬಿಟ್ಟುಕೊಂಡಿದ್ದ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದರು.

"ಬೇಡಪ್ಪ. ಒಳಗಿರೋದು ಹೊರಟುಹೋಗುತ್ತೆ."

ಹೊರಗಿನ ಗಾಳಿ ಒಳಗೆ ಬಾರದಿರಲಿ ಅನ್ನುವವರೇ ದೆಹಲಿಯ ತುಂಬ. ಒಳಗಿನದು ಹೊರಗೆ ಹೋಗದಿರಲಿ ಅಂದವರನ್ನು ನಾನು ಕಂಡದ್ದು ಅದೊಂದೇ ಸಲ.