ಬಿಗಿಯಪ್ಪನ ಪಟ್ಟಿ ಬಗ್ಗಿದ ದಿನ

ನಮ್ಮ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಬಿಗಿಯಪ್ಪ ಅಂದರೆ ಸಾಕು. ಲಾರಿಗಳ ಅಚ್ಚಿನ ಮೇಲೆ ಕೂತು ಭಾರ ಹೊರುವ ಕಮಾನು ಪಟ್ಟಿ ಕಾಯಿಸಿ ಬಗ್ಗಿಸುವುದು ಅವನ ಕಸುಬು. ಎದುರಿಗೆ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ಅವನ ಗಿರಾಕಿಗಳಿಗೆ ನಟ್ಟು, ಬೋಲ್ಟು, ಬುಷ್ಷು ಮಾರುವುದು ನನ್ನದು. ಅವನು ಬಿಗಿದ ಬೋಲ್ಟನ್ನು ಬಿಚ್ಚುವವನು ಇನ್ನೂ ಹುಟ್ಟಬೇಕಿತ್ತು. ಮುಂದಿನ ಸಲ ರಿಪೇರಿಗೆ ಬಂದವರು ಅದನ್ನು ಗ್ಯಾಸಿನಲ್ಲಿ ಕತ್ತರಿಸಿ, ಹೊಸದಕ್ಕೆ ನನ್ನ ಅಂಗಡಿಗೇ ಬರುತ್ತಿದ್ದರು. ಆದ್ದರಿಂದ ಅವನ ಕೈಬಲದ ಬಗ್ಗೆ ನಾನು ಯಾವತ್ತೂ ತಕರಾರು ಎತ್ತಿದವನಲ್ಲ.

ಮನೆಯಲ್ಲೂ ಅದೇ ಕತೆ. ಹಳೆಯ ಪಟ್ಟಿಗಳನ್ನು ಜೋಡಿಸಿ ಅವನು ಮಾಡಿದ ಮಂಚದ ಮೇಲೆ ಮಲಗಿದ ನೆಂಟರು ಮಾರನೇ ದಿನವೇ ಊರಿಗೆ ಹೊರಡುತ್ತಿದ್ದರು. "ಉಪ್ಪಿನ ಡಬ್ಬಿ ಮುಚ್ಚಳ ಇವರು ಮುಚ್ಚಿದ ದಿನ ನಮ್ಮನೇಲಿ ಸಪ್ಪೆ ಊಟ ಕಣಣ್ಣಾ" ಎಂದು ಅವನ ಹೆಂಡತಿ ನನ್ನೆದುರೇ ಹೇಳುತ್ತಿದ್ದಳು. ಅವನು ನಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಅಣ್ಣನ ಲಾರಿಯಲ್ಲಿ ಹೋಗುತ್ತಿದ್ದಾಗ ಇಳಿಜಾರಿನಲ್ಲಿ ಹಿಂದಿನ ಪಟ್ಟಿ ಮುರಿದು ಗಾಡಿ ಮಗುಚಿತ್ತು. ಅಣ್ಣನ ಕಾಲು ಹೋಯಿತು. ಅಂದಿನಿಂದ ಅವನಿಗೆ ಗೊತ್ತಿದ್ದದ್ದು ಒಂದೇ ಮಾತು: ದಪ್ಪ ಹಾಕು, ಬಿಗಿ, ಮುರಿಯಬಾರದು. "ನನ್ನ ಕೈಯಿಂದ ಹೋದ ಪಟ್ಟಿ ಮುರಿದದ್ದು ತೋರಿಸಿ, ಮೀಸೆ ಬೋಳಿಸ್ತೀನಿ" ಅನ್ನುತ್ತಿದ್ದ. ಮೀಸೆ ಹಾಗೇ ಉಳಿದಿತ್ತು.

ಅವನ ಒಬ್ಬಳೇ ಮಗಳು ಲಾರಿ ಓಡಿಸುತ್ತಾಳೆ. ಬೆಟ್ಟದಾಚೆಯ ಊರಿಗೆ ಸರಿಯಾದ ರಸ್ತೆಯಿಲ್ಲ. ಕಲ್ಲು, ಕೊರಕಲು, ಒಣಗಿದ ಹಳ್ಳ ಇಷ್ಟೇ. ಬೇರೆ ಡ್ರೈವರುಗಳು ಆ ಹೆಸರೆತ್ತಿದರೆ ಹೊಟ್ಟೆನೋವು ಅನ್ನುತ್ತಾರೆ. ಇವಳು ಹಳೆಯದೊಂದು ನಾಲ್ಕೂ ಚಕ್ರ ಎಳೆಯುವ ಲಾರಿ ಕೊಂಡು, ಅದೇ ದಾರಿಯನ್ನು ತನ್ನ ಹೊಟ್ಟೆಪಾಡು ಮಾಡಿಕೊಂಡಳು. ಕೆಳಗಿನಿಂದ ಚೀಲಗಳು ಮೇಲಕ್ಕೆ, ಮೇಲಿನಿಂದ ಜನ ಕೆಳಕ್ಕೆ. ಗಾಡಿಯ ಹೊಟ್ಟೆ ಕಲ್ಲಿಗೆ ತಾಗದಂತೆ ಎತ್ತರಿಸಿಕೊಡು ಎಂದು ಅಪ್ಪನನ್ನು ಕೇಳಿದಳು. ಬಿಗಿಯಪ್ಪ ತನ್ನ ಪ್ರೀತಿಯನ್ನೆಲ್ಲ ಕಬ್ಬಿಣದಲ್ಲಿ ತೋರಿಸಿದ. ಹಿಂದಿನ ಪಟ್ಟಿಗಳಿಗೆ ದಪ್ಪದವು ಸೇರಿಸಿದ, ಅಚ್ಚಿಗೂ ಪಟ್ಟಿಗೂ ನಡುವೆ ಉಕ್ಕಿನ ದಿಮ್ಮಿ ಇಟ್ಟ, ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಕೊಂಡಿಗಳನ್ನು ಉಸಿರುಗಟ್ಟುವಂತೆ ಬಿಗಿದ. ಲಾರಿ ಮದುಮಗನ ಹಾಗೆ ಎದೆ ಉಬ್ಬಿಸಿ ನಿಂತಿತು. ಬಗ್ಗುವ ಸೊಂಟ ಮಾತ್ರ ಅದಕ್ಕೆ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಅವಳು ನಡೆದುಕೊಂಡು ಬಂದಳು. ಮೊಣಕೈ ತರಚಿತ್ತು, ಬಟ್ಟೆಯೆಲ್ಲ ಮಣ್ಣು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಗಾಡಿ ಎಲ್ಲೇ?" ಅಂದ ಬಿಗಿಯಪ್ಪ.

"ಅಡ್ಡಬಂಡೆ ಹತ್ರ. ಒಂದು ಮರದ ಬುಡಕ್ಕೆ ಒರಗಿ ನಿಂತಿದೆ. ಆ ಮರ ಇಲ್ದಿದ್ರೆ ನಾನು ಕೊರಕಲಲ್ಲಿ ಇರ್ತಿದ್ದೆ."

"ಪಟ್ಟಿ ಮುರೀತಾ?"

"ಎಲ್ಲಿ ಮುರಿಯುತ್ತೆ! ಮಗಳು ಮುರಿದ್ರೂ ನಿನ್ನ ಪಟ್ಟಿ ಮುರಿಯಲ್ಲ. ಹಿಂದಿನ ಒಂದು ಚಕ್ರ ಬಂಡೆ ಹತ್ತಿದ ತಕ್ಷಣ ಇನ್ನೊಂದು ನೆಲ ಬಿಟ್ಟು ಗಾಳೀಲಿ ಗಿರಗಿರ ತಿರುಗ್ತು. ಹಿಡಿತ ಎಲ್ಲಿಂದ ಬರ್ಬೇಕು? ಜಾರ್ತು."

"ಇನ್ನೊಂದು ಪಟ್ಟಿ ಹಾಕಿ..."

"ಅಪ್ಪಾ!" ಅವಳು ಅಪ್ಪನ ಕೈಲಿದ್ದ ಲೋಟ ಕಿತ್ತು ಕೆಳಗಿಟ್ಟಳು. "ತೆಗೀಬೇಕು, ಹಾಕೋದಲ್ಲ. ಒಂದು ಚಕ್ರ ಮೇಲೆ ಹೋದಾಗ ಇನ್ನೊಂದು ಕೆಳಗಿಳಿದು ನೆಲ ಮುಟ್ಟಬೇಕು. ಹಾಗೆ ಮಾಡ್ಕೊಡು."

"ಆ ದಾರಿ ಬಿಟ್ಬಿಡು."

"ಬಿಡಲ್ಲ. ಈ ವಾರ ಹೋಗ್ಲೇಬೇಕು, ಮೇಲಿನವರು ಕಾಯ್ತಾ ಇದಾರೆ. ನೀನು ಮಾಡಲ್ಲ ಅಂದ್ರೆ ಪಕ್ಕದೂರಿನ ಮೇಸ್ತ್ರಿ ಹತ್ರ ಹೋಗ್ತೀನಿ. ಅವನೂ ಮಾಡ್ದಿದ್ರೆ ಗಾಡಿ ಹೇಗಿದೆಯೋ ಹಾಗೇ ತಗೊಂಡು ಹೋಗ್ತೀನಿ."

ಬಿಗಿಯಪ್ಪ ನನ್ನ ಮುಖ ನೋಡಿದ. "ಏನ್ ಸಾವ್ಕಾರ್ರೇ, ನೀವಾದ್ರೂ ಬುದ್ಧಿ ಹೇಳಿ."

"ಪಕ್ಕದೂರಿನವನು ಬೋಲ್ಟನ್ನೂ ಅಲ್ಲೇ ತಗೋತಾನೆ, ಮೇಸ್ತ್ರಿ" ಅಂದೆ. "ನನ್ನ ಸಲಹೆ ಏನು ಅಂತ ನಿಮಗೇ ಗೊತ್ತಲ್ಲ."

ಗಾಡಿಯನ್ನು ಎಳೆಸಿ ತಂದ ಮೇಲೆ ಅವನು ಕೆಲಸಕ್ಕೆ ಕುಳಿತ. ಕುಳಿತದ್ದಲ್ಲ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಒಪ್ಪಿಸಿಕೊಂಡ. ಉಕ್ಕಿನ ದಿಮ್ಮಿ ಹೊರಬಿತ್ತು. ದಪ್ಪ ಪಟ್ಟಿಗಳ ಜಾಗಕ್ಕೆ ತೆಳ್ಳನೆಯ, ಉದ್ದನೆಯ ಪಟ್ಟಿಗಳು ಬಂದವು. ಎತ್ತರ ಈಗ ದಿಮ್ಮಿಯಿಂದಲ್ಲ, ಅವುಗಳ ಬಾಗಿನಿಂದಲೇ ಸಿಗಬೇಕು. ಒಂದರ ಮೇಲೊಂದು ಸಲೀಸಾಗಿ ಜಾರಲಿ ಎಂದು ತುದಿಗಳನ್ನು ಉಜ್ಜಿ ದುಂಡಗೆ ಮಾಡಿ, ನಡುವೆ ನುಣುಪಾದ ತುಂಡುಗಳನ್ನಿಟ್ಟ. ಪಟ್ಟಿಯ ಹಿಂದಿನ ತುದಿಯನ್ನು ಗಾಡಿಯ ಉಕ್ಕಿನ ಚೌಕಟ್ಟಾದ ಚಾಸಿಗೆ ತೂಗುಹಾಕುವ ಶ್ಯಾಕಲ್ಲನ್ನು ಉದ್ದ ಮಾಡಿದ. ಶಾಕ್ ಅಬ್ಸಾರ್ಬರ್ ಕೂಡ ಉದ್ದದ್ದು ಬೇಕೆಂದಾಗ ನಾನು ಒಂದು ಮಾತೂ ಆಡದೆ ತಂದುಕೊಟ್ಟೆ. ಕೊಂಡಿ ಬಿಗಿಯುವಾಗ ಮಗಳು ಪಕ್ಕದಲ್ಲೇ ನಿಂತಿದ್ದಳು. "ಸಾಕು. ಸಾಕಪ್ಪಾ. ಕೈ ತೆಗಿ." ಅವನು ಸ್ಪ್ಯಾನರ್ ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಅವಳು ಕಸಿದುಕೊಂಡಳು.

ಅಂಗಳದಲ್ಲಿ ಹಿಂದಿನ ಒಂದು ಚಕ್ರವನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ ನೋಡಿದರು. ಅದು ಮೊಣಕಾಲುಮಟ್ಟಕ್ಕೆ ಏರಿದರೂ ಇನ್ನೊಂದು ನೆಲ ಕಚ್ಚಿಕೊಂಡೇ ಇತ್ತು. ಮಗಳು ಚಪ್ಪಾಳೆ ತಟ್ಟಿದಳು. ಬಿಗಿಯಪ್ಪ ಮಾತ್ರ ಕಂಗಾಲಾಗಿ ಕಾಣುತ್ತಿದ್ದ. "ಹಾವಿನ ಹಾಗೆ ಹೊರಳುತ್ತೆ" ಅಂದ. "ನಾನೂ ಬರ್ತೀನಿ."

ನಾನೂ ಅವರೊಡನೆ ಹೋದದ್ದು ಧೈರ್ಯದಿಂದಲ್ಲ. ಮೇಲಿನ ಊರಿನ ಅಂಗಡಿಯವನನ್ನು ಗಿರಾಕಿ ಮಾಡಿಕೊಳ್ಳುವ ಆಸೆಯಿತ್ತು. ಅಡ್ಡಬಂಡೆಯ ಹತ್ತಿರ ಹೋಗುವ ತನಕ ಆ ಆಸೆ ಗಟ್ಟಿಯಾಗಿಯೇ ಇತ್ತು.

ದಾರಿಗೆ ಅಡ್ಡಲಾಗಿ ಮಲಗಿದ ಎಮ್ಮೆಯಂಥ ಕಲ್ಲು ಅದು. ಬೆಟ್ಟದ ಕಡೆ ಎತ್ತರ. ಕೊರಕಲಿನ ಕಡೆ ನೀರು ಕೊರೆದ ಗುಂಡಿ. ಬಿಗಿಯಪ್ಪ ಇಳಿದು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯತೊಡಗಿದ. ಮುಂದಿನ ಚಕ್ರಗಳು ದಾಟಿದವು. ಹಿಂದಿನ ಒಂದು ಚಕ್ರ ಬಂಡೆ ಹತ್ತಿತು, ಇನ್ನೊಂದು ಗುಂಡಿಗೆ ಇಳಿಯಿತು. ಹೋದ ಸಲ ಇಲ್ಲೇ ಗಾಡಿ ಜಾರಿದ್ದು. ಈಗ ಜಾರಲಿಲ್ಲ. ಚಕ್ರ ಕೆಳಗಿಳಿಯುತ್ತ, ಇಳಿಯುತ್ತ ನೆಲ ಹುಡುಕಿಕೊಂಡು ಹೋಯಿತು.

"ಹಿಡಿದಿದೆ!" ಅಂದಳು ಮಗಳು.

"ನಿಲ್ಸು! ಹಾಗೇ ನಿಲ್ಸು!" ಹಿಂದಿನಿಂದ ಬಿಗಿಯಪ್ಪನ ಕೂಗು. ಅಂಥ ದನಿ ಅವನಿಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಅವಳು ಬ್ರೇಕ್ ತುಳಿದು ಕಿಟಕಿಯಿಂದ ಹೊರಗೆ ಬಾಗಿದಳು. "ಏನಪ್ಪಾ?"

"ಬ್ರೇಕಿನ ಹೋಸು. ತಂತಿ ಹಾಗೆ ಎಳ್ಕೊಂಡಿದೆ. ಇನ್ನೊಂದು ಬೆರಳು ಇಳಿದ್ರೆ ಕಿತ್ಕೊಳ್ಳುತ್ತೆ."

ಚಾಸಿಯಿಂದ ಅಚ್ಚಿಗೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರಿನ ಕೊಳವೆ ಅದು; ಕಿತ್ತರೆ ಬ್ರೇಕೇ ಇಲ್ಲ. ಜೀವಮಾನವೆಲ್ಲ ಚಕ್ರ ಅಲುಗದ ಹಾಗೆ ಬಿಗಿದವನಿಗೆ, ಚಕ್ರ ಕೆಳಗಿಳಿದರೆ ಕೊಳವೆಯೂ ಉದ್ದ ಬೇಕಾಗುತ್ತದೆಂಬುದು ಹೊಳೆದೇ ಇರಲಿಲ್ಲ. ಅಂಗಳದಲ್ಲಿ ಚಕ್ರ ಹತ್ತಿಸಿ ನೋಡಿದ್ದರು; ಗುಂಡಿಗೆ ಇಳಿಸಿ ನೋಡಿರಲಿಲ್ಲ.

"ಹಿಂದಕ್ಕೆ ಬರ್ಲಾ?"

"ಬೇಡ, ಹಿಂದೆ ಗುಂಡಿ ಇನ್ನೂ ಆಳ. ಮುಂದಕ್ಕೂ ಬೇಡ, ಬಂಡೆ ಇನ್ನೂ ಎತ್ತರ ಇದೆ. ಬ್ರೇಕಿಂದ ಕಾಲು ತೆಗೀಬೇಡ. ಹ್ಯಾಂಡ್‌ಬ್ರೇಕ್ ಎಳಿ. ಸಾವ್ಕಾರ್ರೇ, ಚಕ್ರಕ್ಕೆ ಕಲ್ಲು ಕೊಡಿ!"

ನನ್ನ ಬಾಗಿಲು ಬೆಟ್ಟದ ಕಡೆಗಿತ್ತು, ಪುಣ್ಯ. ಇಳಿದು ಮುಂದಿನ ಚಕ್ರದ ಹಿಂದಕ್ಕೆ ಕಲ್ಲು ತಳ್ಳಿದೆ. ಆಮೇಲೆ ಇನ್ನೊಂದು. ಅಷ್ಟರಲ್ಲಿ ಬಿಗಿಯಪ್ಪ ಓರೆಯಾಗಿ ನಿಂತ ಲಾರಿಯ ಕೆಳಗೆ ಹೊಟ್ಟೆಯ ಮೇಲೆ ನುಸುಳಿದ್ದ. ಕಾಲುಗಳಷ್ಟೇ ಕಾಣುತ್ತಿದ್ದವು.

"ಏನ್ ಮಾಡ್ತಿದೀರಿ ಮೇಸ್ತ್ರಿ?"

"ಹೋಸು ಚಾಸಿಗೆ ಹಿಡ್ಕೊಂಡಿರೋ ಕೊಕ್ಕೆ ಬಿಚ್ತೀನಿ. ಬಿಚ್ಚಿದ್ರೆ ಸಡಿಲ ಸಿಗುತ್ತೆ."

ಸ್ಪ್ಯಾನರ್ ಕಚ್ಚಿದ ಸದ್ದು. ತಿಣುಕಿದ ಸದ್ದು. ಸ್ಪ್ಯಾನರ್ ಜಾರಿ ಕಬ್ಬಿಣಕ್ಕೆ ಬಡಿದ ಸದ್ದು. ಲಾರಿ ಒಮ್ಮೆ ನರಳಿ ಸ್ವಲ್ಪ ಕೆಳಗೆ ಕೂತಿತು. ಕಲ್ಲೊಂದು ಕೊರಕಲಿಗೆ ಉರುಳಿ ಹೋಗಿ ಬಹಳ ಹೊತ್ತು ಸದ್ದು ಮಾಡಿತು.

"ಅಪ್ಪಾ, ಹೊರಗೆ ಬಾ!"

"ಕಾಲು ತೆಗೀಬೇಡ!"

"ತೆಗೆದಿಲ್ಲ. ನೀನು ಬಾ ಅಂದೆ!"

"ಯಾವ ಬೋಳಿಮಗ ಬಿಗಿದಿದ್ದು ಇದನ್ನ!" ಎಂದು ಕೆಳಗಿನಿಂದ ದನಿ ಬಂತು. ಬಿಗಿದವನು ಯಾರೆಂದು ಮೂವರಿಗೂ ಗೊತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಆ ಮಾತನ್ನು ವರ್ಷಗಟ್ಟಲೆ ಬೀದಿಯಲ್ಲಿ ಮಾರುತ್ತಿದ್ದೆ. ಅಂದು ನನ್ನ ಕಣ್ಣು ಕ್ಯಾಬಿನ್ನಿನ ಮೇಲಿತ್ತು. ಬ್ರೇಕ್ ತುಳಿದ ಕಾಲು ಜಾರದಿರಲೆಂದು ಅವಳು ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದಿದ್ದಳು.

ಕೊನೆಗೆ ಬೋಲ್ಟು ಕಿರ್ ಎಂದಿತು. ಅವನು ಕೊಕ್ಕೆ ಬಿಡಿಸಿ, ಕೊಳವೆಯನ್ನು ಕೆಳಕ್ಕೆ ಸರಿಸಿ ತಂತಿಯಿಂದ ಕಟ್ಟಿದ. ತೆವಳಿ ಹೊರಬಂದಾಗ ಬೆರಳ ಗೆಣ್ಣುಗಳಿಂದ ರಕ್ತ ಸೋರುತ್ತಿತ್ತು. ಒರೆಸಿಕೊಳ್ಳದೆ ಚಕ್ರದ ಪಕ್ಕಕ್ಕೆ ಹೋಗಿ ನಿಂತ.

"ಈಗ ಬಾ. ಮೆಲ್ಲಗೆ. ನಾನು ಚಕ್ರ ನೋಡ್ತಿರ್ತೀನಿ."

"ಕೊರಕಲ ಕಡೆಯಿಂದ ಈಚೆ ಬಾ, ಆಮೇಲೆ ಹೊರಡ್ತೀನಿ."

"ಇಲ್ಲಿಂದಲೇ ಕಾಣೋದು. ನಡಿ."

ಲಾರಿ ಮುಂದೆ ಸರಿಯಿತು. ಗುಂಡಿಯ ಚಕ್ರ ಇನ್ನಷ್ಟು ಇಳಿಯಿತು, ಪಟ್ಟಿಗಳು ಒಂದರ ಮೇಲೊಂದು ಜಾರಿದವು, ಶ್ಯಾಕಲ್ ಪೂರ್ತಿ ಬಿಚ್ಚಿಕೊಂಡಿತು. ಕೊಳವೆ ತುಯ್ದಾಡಿತೇ ಹೊರತು ಎಳೆದುಕೊಳ್ಳಲಿಲ್ಲ. ಟೈರು ಗುಂಡಿಯ ಅಂಚನ್ನು ಕಚ್ಚಿ, ಮಣ್ಣು ಉಗುಳಿ, ಮೇಲೆ ಬಂತು. ಅವಳು ಸಮ ನೆಲಕ್ಕೆ ಹೋಗುವ ತನಕ ನಿಲ್ಲಿಸಲಿಲ್ಲ. ನಿಲ್ಲಿಸಿದ ಮೇಲೆ ಇಳಿಯಲೂ ಇಲ್ಲ; ಸ್ಟೇರಿಂಗಿಗೆ ಹಣೆಯಿಟ್ಟು ಕೂತಿದ್ದಳು. ಬಿಗಿಯಪ್ಪ ಕಿಟಕಿಯ ಹತ್ತಿರ ಹೋಗಿ ಕನ್ನಡಿ ಸರಿಮಾಡತೊಡಗಿದ.

ಮೇಲಿನ ಊರಿನಲ್ಲಿ ಚೀಲ ಇಳಿಸುವಷ್ಟರಲ್ಲಿ ಅವನು ತಗಡಿನ ತುಂಡಿನಿಂದ ಕೆಳಮಟ್ಟದ ಕೊಕ್ಕೆಯೊಂದನ್ನು ಮಾಡಿ ಕೊಳವೆಯನ್ನು ಭದ್ರಪಡಿಸಿದ. ಇಳಿಯುವಾಗಲೂ ಅಡ್ಡಬಂಡೆಯ ಹತ್ತಿರ ನಡೆದೇ ಬಂದ. ಗಾಡಿ ಸೊಂಟ ತಿರುಗಿಸಿ ಸರಾಗವಾಗಿ ದಾಟಿತು. ಆಮೇಲೆ ಅವನು ಕ್ಯಾಬಿನ್ ಹತ್ತಿ, ನಮ್ಮಿಬ್ಬರ ನಡುವೆ ಇಕ್ಕಟ್ಟಾಗಿ ಕೂತ.

"ಎರಡನೇ ಪಟ್ಟಿ ಸ್ವಲ್ಪ ದಪ್ಪ ಆಯ್ತೇನೋ" ಅಂದ. "ಅದನ್ನೂ ತೆಗೆದ್ರೆ ಇನ್ನೂ ಚೆನ್ನಾಗಿ ಇಳಿಯುತ್ತೆ."

"ತೆಗೆದ್ರೆ ಚೀಲ ಯಾರು ಹೊರ್ತಾರೆ, ನೀನಾ? ಕೈ ಹಚ್ಚಿದ್ರೆ ನೋಡು."

"ನನಗೆ ಪಟ್ಟಿ ವಿಷಯ ಹೇಳಿಕೊಡ್ತೀಯೇನೇ?"

"ಹೌದು, ಹೇಳಿಕೊಡ್ತೀನಿ."

ಊರು ಮುಟ್ಟುವ ತನಕ ಇಬ್ಬರೂ ಅದಕ್ಕೇ ಜಗಳ ಆಡಿದರು. ನನ್ನನ್ನು ಯಾರೂ ಕೇಳಲಿಲ್ಲ.