ನಿಲಂಗಾದಲ್ಲಿ ಇವತ್ತು ಪೇಪರ್ ಸಿಗಲಿಲ್ಲ

ಗೆಳೆಯರೆ, ಇವತ್ತು ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳಕ್ಕೇ ಮರಾಠಿ ಪೇಪರ್ ಖಾಲಿ. ಅಷ್ಟನ್ನೂ ಕೊಂಡವರು ನಮ್ಮ ಓಣಿಯ ಕಿರಾಣಿ ಅಂಗಡಿಯ ಶಿವರಾಜಪ್ಪ. ಉದಗೀರ ಕಡೆಯ ಒಂದು ಸಣ್ಣ ಎಣ್ಣೆ ಕಂಪನಿಯ ಶೇರನ್ನು ಓಣಿಗೆಲ್ಲ ಕೊಡಿಸಿದವರೂ ಅವರೇ. ಆ ಕಂಪನಿಯ ಗಿರಣಿ ನಿಂತುಹೋಗಿದೆ ಎಂದು ಇವತ್ತಿನ ಪೇಪರಿನಲ್ಲಿ ಬಂದಿದೆ.

ಹತ್ತರ ಹೊತ್ತಿಗೆ ನಾನು ಚಹಾಪುಡಿಗೆಂದು ಅಂಗಡಿಯಲ್ಲಿ ನಿಂತಿದ್ದೆ. ಅದೇ ಶೇರು ತೆಗೆದುಕೊಂಡಿದ್ದ, ಶಾಲೆಯಿಂದ ನಿವೃತ್ತರಾದ ಗುರೂಜಿ ಮೊಬೈಲ್ ಹಿಡಿದುಕೊಂಡೇ ಬಂದರು.

"ಸಾವಕಾರ್ರ, ಶೇರಿನ ಭಾವ ಮುಂಬೈದಾಗ ಇಳೀತದ. ನೀವು ಇಲ್ಲಿ ಪೇಪರ್ ಮುಚ್ಚಿಟ್ರ ಏನ್ ಫಾಯ್ದಾ?"

"ಪೇಪರ್‌ದವ್ರು ಸುಳ್ಳ ಬರೀತಾರ್ರೀ ಗುರೂಜಿ. ನಮ್ಮ ಮಂದಿ ಓದಿ, ಘಾಬರಿ ಆಗಿ ಮಾರಿಬಿಟ್ರ ಛಲೋ ಕಂಪನಿನೂ ಮುಳಗ್ತದ."

"ಹಂಗಾದ್ರ ಗಿರಣಿ ನಡೀಲತ್ತದೇನ್ರೀ?"

"ನಾ ಏನ್ ಹೋಗಿ ನೋಡೀನಿ? ಭರೋಸಾ ಇಡ್ರಿ."

ಗುರೂಜಿ ಅಲ್ಲೇ ನಿಂತು ಮೊಬೈಲಿನಲ್ಲಿ ತಮ್ಮ ಶೇರು ಮಾರಿದರು. ಶಿವರಾಜಪ್ಪ ಮುಖ ತಿರುಗಿಸಿ, ಒರೆಸಿದ್ದ ತಕ್ಕಡಿಯನ್ನೇ ಮತ್ತೆ ಒರೆಸಿದರು.

ಸಂಜೆ ನನ್ನ ಹೆಂಡತಿ ಅವರ ಅಂಗಡಿಯಿಂದ ಬೆಲ್ಲ ತಂದಳು; ಪೊಟ್ಟಣ ಇವತ್ತಿನ ಪೇಪರಿನದೇ. ಮಧ್ಯಾಹ್ನದ ಮೇಲೆ ಅಂಗಡಿ ನೋಡಿಕೊಳ್ಳುವವರು ಶಿವರಾಜಪ್ಪನವರ ಮನೆಯವರು. ಮೂಲೆಯಲ್ಲಿದ್ದ ಪೇಪರ್ ರಾಶಿಯನ್ನು ರದ್ದಿ ಎಂದುಕೊಂಡು, ಬಂದವರಿಗೆಲ್ಲ ಅದರಲ್ಲೇ ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ.

ನಮ್ಮ ಓಣಿಯಲ್ಲಿ ದಿನಾ ಪೇಪರ್ ಓದುವವರು ಇಬ್ಬರೋ ಮೂವರೋ. ಇವತ್ತು ಮಾತ್ರ ಒಂದು ಮನೆಯೂ ಬಿಟ್ಟಿಲ್ಲ.