ಶೋಭಾಳ ಕಾಮೆಂಟರಿ ಮತ್ತು ಒಂದೇ ಒಂದು ಬಾಕ್ಸ್

ಕೊರೋನಾ ಬರುವುದಕ್ಕೆ ಹಿಂದಿನ ವರ್ಷ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿಯಿತ್ತು. ಅಂತರರಾಷ್ಟ್ರೀಯ ಕ್ರೀಡೆಗೆಂದೇ ಶುರುವಾಗುತ್ತಿದ್ದ ಹೊಸ ಟಿವಿ ಚಾನೆಲ್ಲಿಗೆ ನಾನು ಡಿಸ್ಟ್ರಿಬ್ಯೂಷನ್ ಮ್ಯಾನೇಜರ್. ಚಾನೆಲ್ ಸ್ಯಾಟಲೈಟಿನಿಂದ ಇಳಿದರೆ ಸಾಲದು, ಊರಿನ ಕೇಬಲ್ ಆಪರೇಟರ್ ಅದನ್ನು ಮನೆಮನೆಗೆ ಮುಟ್ಟಿಸಬೇಕು. ಅವರನ್ನು ಒಪ್ಪಿಸುವುದೇ ನನ್ನ ಕೆಲಸ.

ಕನ್ನಡದಲ್ಲೂ ಕಾಮೆಂಟರಿ ಬೇಕೆಂದು ಹಟ ಹಿಡಿದವಳು ನಾನೇ. ಮುಂಬೈ ಆಫೀಸು ಕಂಡಿಷನ್ ಹಾಕಿತು. ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಮೂರು ತಿಂಗಳೊಳಗೆ ಎರಡು ಸಾವಿರ ಮನೆಯವರು ಫಾರಂಗೆ ಸೈನ್ ಹಾಕಿ, ತಿಂಗಳ ಚಂದಾ ಕೊಟ್ಟು ಚಾನೆಲ್ ಆರಿಸಿಕೊಂಡರೆ ಕನ್ನಡ ಉಳಿಯುತ್ತದೆ, ಇಲ್ಲವೆಂದರೆ ಇಂಗ್ಲಿಷ್ ಒಂದೇ. ಸೈನ್ ಹಾಕಿದ ಮನೆಯ ಸೆಟ್‌ಟಾಪ್ ಬಾಕ್ಸ್ ಮಾತ್ರ ಕಂಪನಿಯ ಕಂಪ್ಯೂಟರಿಗೆ ಕಾಣುತ್ತಿತ್ತು.

ಅರಸೀಕೆರೆ ಪಕ್ಕದ ಹಾರನಹಳ್ಳಿಯ ಶೋಭಾಳನ್ನು ನಾನು ಕಂಡದ್ದು ಒಂದು ಕಬಡ್ಡಿ ಪಂದ್ಯದಲ್ಲಿ. ಹೈಸ್ಕೂಲಿನ ಅತಿಥಿ ಪಿ.ಟಿ. ಟೀಚರ್. ಅವಳು ಮೈಕ್ ಹಿಡಿದರೆ ಜನ ಆಟ ಮರೆತು ಅವಳ ಮಾತು ಕೇಳುತ್ತಿದ್ದರು. ‘ಬಂದುಬಿಡು ಶೋಭಾ, ಐ ವಿಲ್ ಟೇಕ್ ಕೇರ್’ ಎಂದೆ. ಆ ಒಂದು ಮಾತಿಗೆ ಅವಳು ಶಾಲೆ ಬಿಟ್ಟು ಬೆಂಗಳೂರಿನ ಸ್ಟುಡಿಯೋಗೆ ಬಂದಳು.

ಅರಸೀಕೆರೆಯ ಆಪರೇಟರ್ ರುದ್ರೇಶಪ್ಪನವರದು ಕೆಳಗೆ ಕೊಬ್ಬರಿ ಅಂಗಡಿ, ಮೇಲೆ ಕಂಟ್ರೋಲ್ ರೂಮ್. ಫಾರಂ ಕಟ್ಟು ಕೊಟ್ಟರೆ ನಕ್ಕರು.

‘ನಮ್ ಹಾರ್ನಳ್ಳಿ ಹುಡ್ಗಿ ಮಾತಾಡ್ತಾಳೆ ಅಂದ್ಮೇಲೆ ಊರಿಗೂರೇ ನೋಡ್ತದೆ ಕಣ್ರೀ ಮೇಡಂ. ನೀವ್ ಹೋಗಿ, ನಾನ್ ನೋಡ್ಕತೀನಿ.’

ಹೇಗೆ ಎಂದು ನಾನು ಕೇಳಲಿಲ್ಲ. ಕಡಿದಾದ ಮೆಟ್ಟಿಲು, ನನಗೆ ಮಂಡಿ ನೋವು. ಮೇಲೆ ಹತ್ತದೆ, ಕಾಫಿ ಕುಡಿದು ಹೊರಟೆ.

ಚಾನೆಲ್ ಶುರುವಾಯಿತು. ಎಲ್ಲೋ ಯುರೋಪಿನಲ್ಲಿ ಓಟದ ಪಂದ್ಯ, ಶೋಭಾಳ ದನಿ: ‘ಏನ್ ಓಡ್ತಾಳಪ್ಪ ಇವ್ಳು, ಬಾಣಾವರದ ಬಸ್ಸು ಹೊಂಟೋಯ್ತದೆ ಅನ್ನೋ ಹಂಗೆ!’ ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ತಡವಾಗಿ ಓಡಿಬಂದವನಿಗೆ ಕಂಡಕ್ಟರ್ ಇದನ್ನೇ ಹೇಳಿ ರೇಗಿಸುತ್ತಿದ್ದ. ಹಳೇಬೀಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಅವಳ ದನಿ ಕೇಳಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಮುಂಬೈಗೆ ಬರೆದೆ: ಓವರ್‌ವೆಲ್ಮಿಂಗ್ ರೆಸ್ಪಾನ್ಸ್.

ಎರಡೂವರೆ ತಿಂಗಳಿಗೆ ಕಂಪ್ಯೂಟರಿನ ಎಣಿಕೆ ಬಂತು. ಅರಸೀಕೆರೆ ಮೂವತ್ತೆಂಟು. ಬೇಲೂರು ಅರವತ್ತೊಂದು. ಹಳೇಬೀಡು ಒಂಬತ್ತು.

ಆ ದಿನ ಮೆಟ್ಟಿಲು ಹತ್ತಿದೆ. ಕಂಟ್ರೋಲ್ ರೂಮಿನಲ್ಲಿ ನಮ್ಮ ಚಾನೆಲ್ಲಿನ ಬಾಕ್ಸ್ ಒಂದೇ ಒಂದಿತ್ತು. ಅದರ ವೈರನ್ನು ರುದ್ರೇಶಪ್ಪ ತಮ್ಮ ಲೋಕಲ್ ಚಾನೆಲ್ಲಿಗೆ ಸಿಕ್ಕಿಸಿದ್ದರು. ಊರಿನ ಜಾಹೀರಾತು, ಉತ್ಸವ ಬರುವ, ಎಲ್ಲರ ಮನೆಗೂ ಪುಕ್ಕಟೆ ಹೋಗುವ ಚಾನೆಲ್ಲು.

‘ಬೇಲೂರು, ಹಳೇಬೀಡಿನ್ ಆಪರೇಟರ್ಗಳ್ಗೂ ನಾನೇ ಹೇಳ್ಕೊಟ್ಟೆ’ ಎಂದರು, ಮುಖದ ತುಂಬ ಹೆಮ್ಮೆ.

‘ಇದು ಎಣಿಕೆಗೆ ಸಿಗೋದಿಲ್ಲ ರುದ್ರೇಶಪ್ಪ. ಕಾನೂನಿನಲ್ಲಿ ಇದು ಕಳ್ಳತನ.’

‘ನಮ್ಮೂರ ಮಗಳ ಮಾತಿಗೆ ದುಡ್ಡು ಕೇಳಕ್ಕಾಯ್ತದಾ ಮೇಡಂ?’

ಶೋಭಾಳ ಕೆಲಸ ನಿಂತಿರುವುದೇ ಆ ಫಾರಂಗಳ ಮೇಲೆ ಎಂದೆ. ಅವರು ಮೆಲ್ಲಗೆ ವೈರು ಕಿತ್ತು, ಮೂಲೆಯಲ್ಲಿ ಬಹುಪಾಲು ಹಾಗೇ ಬಿದ್ದಿದ್ದ ಫಾರಂಗಳನ್ನು ಎತ್ತಿಕೊಂಡರು. ಹದಿನೈದು ದಿನ ಉಳಿದಿತ್ತು. ಇಬ್ಬರೂ ಬೀದಿ ಬೀದಿ ಸುತ್ತಿದೆವು. ‘ಇಷ್ಟ್ ದಿನ ಸುಮ್ನೆ ಬತ್ತಿತ್ತು, ಈಗ ಸೈನ್ ಯಾಕೆ? ಏನೋ ಐತೆ ಇದ್ರಲ್ಲಿ’ ಎಂದು ಜನ ಅನುಮಾನಪಟ್ಟರು. ಮೂರೂ ಊರು ಸೇರಿ ಮುನ್ನೂರ ಹನ್ನೆರಡಕ್ಕೆ ನಿಂತಿತು.

ಊರೆಲ್ಲ ನೋಡುತ್ತಿತ್ತು ಎಂದು ಮುಂಬೈಗೆ ಹೇಳಬಹುದಿತ್ತು. ಹೇಳಿದ್ದರೆ ರುದ್ರೇಶಪ್ಪನವರ ಮೇಲೆ ಕೇಸು. ಸುಮ್ಮನಿದ್ದೆ. ತಿಂಗಳ ಕೊನೆಗೆ ಕನ್ನಡ ಕಾಮೆಂಟರಿ ನಿಂತುಹೋಯಿತು, ಅದರೊಂದಿಗೆ ಶೋಭಾಳ ಕೆಲಸವೂ. ಅಷ್ಟರಲ್ಲಿ ಶಾಲೆಯವರು ಶೋಭಾಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು.

ನಡೆದದ್ದನ್ನೆಲ್ಲ ಅವಳಿಗೆ ನಾನೇ ಹೇಳಿದೆ. ಅವಳು ಅಳಲಿಲ್ಲ. ‘ಜನಕ್ಕೆ ನನ್ನ ಮಾತು ಹಿಡಿಸ್ಲಿಲ್ಲ ಅಂದಿದ್ರೆ ವಾಸಿಯಿತ್ತು ಮೇಡಂ. ಒಪ್ಕೋತಿದ್ದೆ’ ಎಂದಳು.

‘ನಾನು ನೋಡಿಕೊಳ್ಳುತ್ತೇನೆ’ ಎಂದು ಯಾರಾದರೂ ಪ್ರೀತಿಯಿಂದ ಹೇಳಿದಾಗಲೂ, ‘ಹೇಗೆ’ ಎಂದು ಕೇಳಬೇಕು. ರುದ್ರೇಶಪ್ಪನವರನ್ನು ನಾನು ಕೇಳಲಿಲ್ಲ. ಶೋಭಾ ನನ್ನನ್ನು ಕೇಳಲಿಲ್ಲ. ಈ ಪಾಠ ಕಲಿತಾಗ ನನಗೆ ಐವತ್ತೊಂಬತ್ತು. ಮುಂದೆ ಶುರುಮಾಡಲು ಇನ್ನೊಂದು ಚಾನೆಲ್ ಇರಲಿಲ್ಲ.